ನಾಲ್ಕು ಊರಿಗೆ ನಾಲ್ಕು ಹೆಸರುಗಲ್ಲು

ಸಿಂದಗಿಯ ಹೈಸ್ಕೂಲು ಮಾಸ್ತರ ಪಂಢರಿನಾಥರು ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ತಮ್ಮ ನಾಲ್ಕು ಮನೆಗಳಲ್ಲಿ ಓಡಾಡುತ್ತಿದ್ದರು. ಸಿಂದಗಿಯ ಮನೆಯ ಮೆಟ್ಟಿಲಿಳಿದರೆ ಇಂಡಿ ಊರಿನ ಮನೆಯ ಹಿತ್ತಿಲು, ಅಲ್ಲಿ ಲಿಂಬೆ ಹೂವಿನ ವಾಸನೆ. ಬಾಗಿಲು ದಾಟಿದರೆ ಮುದ್ದೇಬಿಹಾಳ, ಮಾಳಿಗೆ ಹತ್ತಿದರೆ ಬಸವನ ಬಾಗೇವಾಡಿಯ ತಂಪು ಗಾಳಿ. ಎಲ್ಲೆಲ್ಲೂ ಬಾಡಿಗೆದಾರರು ಎದ್ದು ನಿಂತು ನಮಸ್ಕರಿಸುತ್ತಿದ್ದರು. (ಒಬ್ಬರೂ ಬಾಡಿಗೆ ಬಾಕಿ ಇಟ್ಟವರಲ್ಲ. ಕನಸಿನ ಜನ ಬಲು ಪ್ರಾಮಾಣಿಕರು.)

ಎಚ್ಚರದಲ್ಲಿ ಇದ್ದದ್ದು ಒಂದೇ, ಬಾಡಿಗೆಗೆ ಕೊಡಲೆಂದು ಸಿಂದಗಿಯಲ್ಲಿ ಕೊಂಡದ್ದು. ಕೈಯಿಂದ ಹಾಕಿದ್ದು ಚಿಟಿಕೆಯಷ್ಟು, ಉಳಿದದ್ದೆಲ್ಲ ಸಾಲ. ಹೆಂಡತಿ ವಸುಧಾ, ಆಕೆಯೂ ಶಾಲೆಯ ಟೀಚರು, ತನ್ನ ಬಂಗಾರದ ಪಾಟ್ಲಿ ಬಳೆ ಮಾರಿ ಮುಂಗಡ ಹೆಚ್ಚಿಸೋಣ, ಸಾಲ ಸಣ್ಣದಿರಲಿ ಎಂದಿದ್ದಳು. ತವರೂರು ಇಂಡಿಯಲ್ಲೊಂದು ಮನೆಯಾಗಬೇಕೆಂಬುದು ಆಕೆಯ ಬಹುದಿನದ ಆಸೆ. ಮಾಸ್ತರರು ನಕ್ಕರು.

"ಬ್ಯಾಂಕ್ ರೊಕ್ಕ ಕೊಡೂಮುಂದ ನಮ್ಮ ರೊಕ್ಕ ಯಾಕ ಹಾಕಬೇಕು? ಹಿಂಗ ಒಂದರ ಹಿಂದ ಒಂದು ತಗೋತ ಹೋಗೂದು. ಮುಂದಿಂದು ನಿಮ್ಮ ಇಂಡಿಯೊಳಗ."

ಆ ಹುರುಪಿನಲ್ಲೇ ಕಲ್ಲು ಕೆತ್ತುವ ಆರಿಫನಿಗೆ ಹೇಳಿ ನಾಲ್ಕು ಹೆಸರುಗಲ್ಲು ಮಾಡಿಸಿದರು. ಎಲ್ಲದರ ಮೇಲೂ 'ಪಂಢರಿನಾಥ ನಿವಾಸ', ಕೆಳಗೆ ಒಂದೊಂದಕ್ಕೆ ಒಂದೊಂದು ಊರು. (ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರೆ. ಇಲ್ಲಿ ನಾಲ್ಕು ಕುಲಾವಿ.)

ಕಡೆಗೆ ಇಂಡಿಯಲ್ಲಿ ಲಿಂಬೆ ಗಿಡವಿದ್ದ ಮನೆಯೊಂದು ಮಾರಾಟಕ್ಕೆ ಬಂತು. ಮಾಸ್ತರರು ಇಸ್ತ್ರಿ ಅಂಗಿ ತೊಟ್ಟು ಬ್ಯಾಂಕಿಗೆ ದಯಮಾಡಿಸಿದರು. ಮ್ಯಾನೇಜರು ಚಹಾ ತರಿಸಿ ಸಾವಕಾಶವಾಗಿ ತಿಳಿಹೇಳಿದರು. ಮುಂಗಡ ಕಡಿಮೆ, ಅದಕ್ಕೇ ಸಾಲ ದೊಡ್ಡದು, ಕಂತೂ ದೊಡ್ಡದು. ಬರುವ ಬಾಡಿಗೆ ಅದರ ಅರ್ಧಕ್ಕೂ ಮುಟ್ಟುವುದಿಲ್ಲ.

"ನಿಮ್ಮ ಪಗಾರದಾಗ ಇನ್ನೊಂದು ಕಂತಿಗೆ ಜಾಗಾನ ಇಲ್ರಿ ಸರ. ಇದು ಇಳಿಯೂತನಕ ಕಾಯಬೇಕ್ರಿ."

ಮಾಸ್ತರರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಹೆಂಡತಿಯ ಆಸೆಗೆ ತಾವೇ ಕಲ್ಲು ಹಾಕಿದೆವಲ್ಲ ಎಂದು ನಿಜಕ್ಕೂ ಸಂಕಟವಾಯಿತು. ವಸುಧಾ ಎಲ್ಲ ಕೇಳಿ ಪಾಟ್ಲಿ ಬಿಚ್ಚಿಟ್ಟಳು. ಮರುದಿನ ಆಕೆಯೇ ಹೋಗಿ ಅದೇ ಮ್ಯಾನೇಜರ ಎದುರು ಕೂತಳು. ಪಾಟ್ಲಿಯ ದುಡ್ಡು ಮುಂಗಡವಾಯಿತು. ಹಳೆಯ ಸಾಲಕ್ಕೆ ಸಹಿ ಹಾಕದ ಆಕೆಯ ಪಗಾರದ ಮೇಲೆ ಯಾವ ಕಂತಿನ ಭಾರವೂ ಇರಲಿಲ್ಲ. ಇಂಡಿಯ ಮನೆ ವಸುಧಾಳ ಹೆಸರಿಗೆ ಬಂತು.

ಗೃಹಪ್ರವೇಶಕ್ಕೆ ಮಾಸ್ತರರು ಇಂಡಿಯ ಕಲ್ಲನ್ನು ಟಂಟಂ ಗಾಡಿಯಲ್ಲಿ ಹೇರಿ ತಂದು, ಎಲ್ಲಿ ಕೂಡಿಸಲಿ ಎಂದು ಮೆಲ್ಲಗೆ ಕೇಳಿದರು. ವಸುಧಾ ಹಿತ್ತಿಲ ನಳದ ಕಡೆ ಕೈ ಮಾಡಿದಳು.

"ಅಕ್ಷರ ಮ್ಯಾಲ ಮಾಡಿ ಇಡ್ರಿ. ಅರಿವಿ ತಿಕ್ಕಾಕ ಛಲೋ ಆಗ್ತೈತಿ."

ಈಗ ರವಿವಾರ ಇಂಡಿಯ ಮನೆಯಲ್ಲಿ ಮಧ್ಯಾಹ್ನ ನಿದ್ದೆಯಿಲ್ಲ. ಲಿಂಬೆ ಹೂವಿನ ವಾಸನೆ ಮಾತ್ರ ಕನಸಿನಲ್ಲಿದ್ದಂತೆಯೇ ಇದೆ. ಆ ಗಿಡದ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು ಮಾಸ್ತರರು ತಮ್ಮ ಹೆಸರಿನ ಮೇಲೆ ತಮ್ಮ ಅಂಗಿ ತಿಕ್ಕುತ್ತಾರೆ.