ವತ್ಸಲಾ ಮಿಸ್ ಮೌನಕ್ಕೆ ನಾನು ಕಾವಲು

ಕಲೆಯ ಚರಿತ್ರೆ ಹೇಳುವ ಪುಸ್ತಕಗಳ ಮೇಲೆ ನನಗೊಂದು ಗುಮಾನಿ ಇದೆ. ಅವುಗಳಲ್ಲಿ ಎಲ್ಲವೂ ಒಂದೇ ಸಂಜೆಯಲ್ಲಿ ಆಗಿಬಿಡುತ್ತದೆ. ಒಬ್ಬಾಕೆ ಬಿಗಿಯಾದ ಷೂ ಬಿಚ್ಚೆಸೆದು ಬರಿಗಾಲಲ್ಲಿ ಕುಣಿದಳು, ನೃತ್ಯ ಆಧುನಿಕವಾಯಿತು. ಒಬ್ಬಾತ ಮುಖದ ಎರಡೂ ಮಗ್ಗುಲನ್ನು ಒಟ್ಟಿಗೇ ಬರೆದ, ಚಿತ್ರಕಲೆ ಆಧುನಿಕವಾಯಿತು. ನೋಡಿದವರು ಮೊದಲು ಕೂಗಾಡಿದರು, ಆಮೇಲೆ ಅರ್ಥ ಮಾಡಿಕೊಂಡರು. ಓದುವಾಗ ನನ್ನ ತಲೆಯಲ್ಲಿ ಬೇರೆಯದೇ ಪ್ರಶ್ನೆ: ಆ ಸಂಜೆ ಪರದೆ ಎಳೆದವನು ಯಾರು? ಅವನನ್ನು ಯಾರಾದರೂ ಒಂದು ಮಾತು ಕೇಳಿದರೇ? ಇಂಥ ಪ್ರಶ್ನೆ ಬರುವುದಕ್ಕೆ ಕಾರಣ ನನ್ನ ಉದ್ಯೋಗ. ಸಂಬಳದ ಉದ್ಯೋಗವಲ್ಲ, ಅದಕ್ಕೆ ಫೋರ್ಟಿಟ್ಯೂಡ್ ವ್ಯಾಲಿಯ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತೇನೆ. ಆದರೆ ಬ್ರಿಸ್ಬೇನಿನ ಕನ್ನಡದವರಿಗೆ ನಾನು ಸೌಂಡ್ ಮೂರ್ತಿ. ಬಂದ ಹೊಸತರಲ್ಲಿ ಯಾವುದೋ ಕಾರ್ಯಕ್ರಮಕ್ಕೆ ಬೇಗ ಹೋಗಿ, ಯಾರೋ ಕೊಟ್ಟ ವೈರೊಂದನ್ನು ಹಿಡಿದುಕೊಂಡೆ. ಇನ್ನೂ ಬಿಟ್ಟಿಲ್ಲ.

ವತ್ಸಲಾ ಮಿಸ್ ಕ್ಯಾಲಮ್‌ವೇಲ್‌ನ ತಮ್ಮ ಮನೆಯ ಗರಾಜಿನಲ್ಲಿ ಭರತನಾಟ್ಯ ಹೇಳಿಕೊಡುತ್ತಿದ್ದರು. ಕಾರು ಹೊರಗೆ ಬಿಸಿಲಲ್ಲಿ. ಒಳಗೆ ಮೂಲೆಯಲ್ಲಿ ನಟರಾಜ, ಉಳಿದ ಗೋಡೆಯ ತುಂಬ ಬರಿಗಾಲಿನ, ಕೂದಲು ಬಿಚ್ಚಿದ, ನೆಲಕ್ಕೆ ಬೇಕೆಂದೇ ಬಿದ್ದ ನರ್ತಕಿಯರ ಫೋಟೋಗಳು. ಅಡವು ಹೇಳಿಕೊಡುತ್ತಲೇ ಅವರ ಕಥೆಯನ್ನೂ ಹೇಳುತ್ತಿದ್ದರು: ಈಕೆ ಉಸಿರಾಟವನ್ನೇ ನೃತ್ಯ ಮಾಡಿದಳು, ಆತ ಸಂಗೀತದ ದಾರಿ ಬೇರೆ ಕುಣಿತದ ದಾರಿ ಬೇರೆ ಎಂದ. ಮಕ್ಕಳನ್ನು ಕರೆದೊಯ್ಯಲು ಬಂದ ನಾವು ಭಕ್ತಿಯಿಂದ ಕೇಳಿ, ತಲೆಯಾಡಿಸಿ, ರಂಗಪ್ರವೇಶ ಯಾವಾಗ ಎಂದು ವಿಚಾರಿಸುತ್ತಿದ್ದೆವು.

ನನ್ನ ಮಗಳು ಮೇಘನಾ ಹೈಸ್ಕೂಲಿನಲ್ಲಿದ್ದಾಗ ಮಿಸ್ ಅವಳಿಗೊಂದು ಹೊಸ ನೃತ್ಯ ಕಟ್ಟಿದರು. ಯಾರಿಗೋ ಕಾಯುವ ಹೆಂಗಸಿನ ನೃತ್ಯ. ನಡುವೆ ಸಂಗೀತ ಪೂರ್ತಿ ನಿಂತುಬಿಡುತ್ತದೆ. ಗೆಜ್ಜೆಯೂ ಇಲ್ಲದೆ, ಆ ಮೌನದಲ್ಲಿ ಹುಡುಗಿ ಕಾಯುತ್ತಾ ಕುಣಿಯಬೇಕು. ಯಾಕೆ ಹೀಗೆ ಎಂದು ಕೇಳಿದೆ. "ನಮ್ಮ ನಾಯಕಿಯರು ಕಾಯ್ತಾರೆ, ಹಿಂದೆ ಮೃದಂಗ, ಪಿಟೀಲು ಎಲ್ಲ ಇರುತ್ತೆ. ನಿಜವಾಗಿ ಕಾಯೋವ್ರಿಗೆ ಹಿಮ್ಮೇಳ ಯಾರು ಕೊಡ್ತಾರೆ, ಮೂರ್ತಿ?" ಎಂದರು. ಅವರ ಗಂಡ ಗಣಿ ಕೆಲಸಕ್ಕೆಂದು ಪರ್ತ್ ಕಡೆಗೆ ಹೋದವರು ಅಪಘಾತದಲ್ಲಿ ತೀರಿಕೊಂಡಿದ್ದರು. ಅದನ್ನು ಈ ನೃತ್ಯಕ್ಕೆ ಜೋಡಿಸಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಜೋಡಿಸಿದರೆ ಕಥೆ ಬಹಳ ಚೆನ್ನಾಗಿ ಕೂರುತ್ತದೆ. ಅದಕ್ಕೇ ಹೆದರುತ್ತೇನೆ.

ಪ್ರದರ್ಶನವಾದದ್ದು ರಾಜ್ಯೋತ್ಸವಕ್ಕೆ, ಬಾಡಿಗೆಗೆ ಹಿಡಿದ ಸ್ಕೂಲ್ ಹಾಲಿನಲ್ಲಿ, ಪುಳಿಯೋಗರೆ ಬಡಿಸುವ ಸ್ವಲ್ಪ ಮುಂಚೆ. ಹಾಲಿನಲ್ಲಿ ವಿಪರೀತ ಸೆಖೆ ಇತ್ತೆಂದು ನೆನಪು. ಬ್ರಿಸ್ಬೇನಿನ ನವೆಂಬರ್ ಎಂದ ಮೇಲೆ ಇದ್ದಿರಲೇಬೇಕು. ಅಂದರೆ ಇದು ನೆನಪಲ್ಲ, ಊಹೆ. ಸಂಗೀತ ನಿಂತಿತು. ಇಡೀ ಹಾಲು ಹಿಂದಕ್ಕೆ ತಿರುಗಿ ನನ್ನನ್ನು ನೋಡಿತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಸಿ.ಡಿ. ಕೈಕೊಡುವುದು ನಮ್ಮ ಕಾರ್ಯಕ್ರಮಗಳಲ್ಲಿ ಸ್ವಾಗತ ಭಾಷಣದಷ್ಟೇ ಖಾಯಂ. ಹಾಗಾದಾಗ ವೇದಿಕೆಯ ಮೇಲಿನ ಮಗು ಅಳಬಾರದೆಂದು ಸಭಿಕರೇ ಚಪ್ಪಾಳೆಯಲ್ಲಿ ತಾಳ ಹಾಕಿ ಅದನ್ನು ದಡ ಮುಟ್ಟಿಸುವುದು ಪದ್ಧತಿ. ಕಮಿಟಿಯ ಹಿರಿಯರೊಬ್ಬರು ಓಡಿಬಂದು ಪ್ಲಗ್ ಅಲ್ಲಾಡಿಸತೊಡಗಿದರು. "ನಿಂತಿಲ್ಲ ಅಂಕಲ್, ನಿಲ್ಲಿಸಿರೋದು" ಎಂದೆ. "ಯಾಕಪ್ಪಾ ನಿಲ್ಲಿಸಿದೆ? ಹಾಕು, ಪಾಪ ಮಗು" ಎಂದರು. ಅಷ್ಟರಲ್ಲಿ ಎಲ್ಲೋ ಒಂದು ಚಪ್ಪಾಳೆ, ಪಕ್ಕದಲ್ಲಿ ಇನ್ನೊಂದು, ಆಮೇಲೆ ಇಡೀ ಹಾಲು. ಮೇಘನಾ ಒಂದು ಕ್ಷಣ ತಬ್ಬಿಬ್ಬಾದಳು, ಮರುಕ್ಷಣ ಆ ತಾಳಕ್ಕೇ ಹೆಜ್ಜೆ ಸೇರಿಸಿದಳು. ಮೌನ ಸತ್ತುಹೋಯಿತು. ಎಲ್ಲ ಮುಗಿದ ಮೇಲೆ ಮಿಸ್ ನನ್ನ ಹತ್ತಿರ ಬಂದರು. ತಲೆ ಬಗ್ಗಿಸಿ ವೈರ್ ಸುತ್ತುತ್ತಾ, ಹೀಗಾಗಬಾರದಿತ್ತು ಎಂದೆ. "ಹೋಗ್ಲಿ ಬಿಡಿ" ಎಂದರು. ಅಷ್ಟೇ. ಆ ಎರಡು ಪದಗಳ ಮೇಲೆ ನಾನೊಂದು ದೊಡ್ಡ ಮನೆಯನ್ನೇ ಕಟ್ಟಿಕೊಂಡೆ: ಅವರಿಗೆ ಆಳವಾದ ನೋವಾಗಿದೆ, ಹೇಳಿಕೊಳ್ಳುತ್ತಿಲ್ಲ.

ಆಮೇಲೆ ಮಿಸ್‌ಗೆ ಮಂಡಿ ಕೈಕೊಟ್ಟಿತು; ಗರಾಜು ಮುಚ್ಚಿ ಅಡಿಲೇಡಿನ ತಂಗಿಯ ಮನೆಗೆ ಹೋದರು. ಮೇಘನಾ ನೃತ್ಯವನ್ನೇ ಓದುತ್ತೇನೆಂದು ಪರ್ತ್ ಸೇರಿ, ಅಲ್ಲಿನ ಬೆಂಟ್ಲಿ ಬಡಾವಣೆಯಲ್ಲಿ ಗೆಳತಿಯರ ಜೊತೆ ಬಾಡಿಗೆ ಮನೆ ಹಿಡಿದಳು. ಪರ್ತ್‌ಗೆ ಮಕ್ಕಳನ್ನು ಜಿಯಾಲಜಿಗೆ ಕಳಿಸುವುದು ವಾಡಿಕೆ. ನೆಲ ಅಗೆಯುವ ಊರಿಗೆ ನೆಲ ತುಳಿಯಲು ಮಗಳನ್ನು ಕಳಿಸಿದವನು ನಾನೊಬ್ಬನೇ ಎಂದು ಸ್ನೇಹಿತರು ನಕ್ಕರು. ಇತ್ತ ಬ್ರಿಸ್ಬೇನಿನಲ್ಲಿ ಆ ಚಪ್ಪಾಳೆ ವರ್ಷದಿಂದ ವರ್ಷಕ್ಕೆ ಸುಂದರವಾಗುತ್ತಾ ಹೋಯಿತು. ಮಿಸ್ ಅದನ್ನು ಮೊದಲೇ ಯೋಚಿಸಿದ್ದರು, ಸಭಿಕರನ್ನೇ ನೃತ್ಯದೊಳಗೆ ತಂದ ಪ್ರಯೋಗ ಅದು, ಎಂದಾಯಿತು. ಮೊದಲು ತಟ್ಟಿದ್ದು ನಾನೇ ಎನ್ನುವವರು ಹೆಚ್ಚಿದರು. ಆ ತಿಂಗಳು ಮೈಸೂರಿಗೆ ಹೋಗಿದ್ದವರೊಬ್ಬರೂ ಅದರಲ್ಲಿ ಸೇರಿದ್ದರು. ಪ್ರತಿ ಬಾರ್ಬೆಕ್ಯೂ ಕೂಟದಲ್ಲೂ, ಒಲೆಯ ಮೇಲೆ ಜೋಳ ಸುಡುತ್ತಿರುವಾಗ, ನಾನು ಎದ್ದುನಿಂತು ವಾದಿಸಿದೆ: ಅದು ಪ್ರಯೋಗವಲ್ಲ, ಅಪಚಾರ. ಹೆಂಡತಿ ಸುಧಾ ಒಮ್ಮೆ ಕೇಳಿದಳು, "ಅವರ ಡ್ಯಾನ್ಸು, ಅವರ ಮೌನ. ನಿಮ್ಮದೇನ್ರೀ ಇಷ್ಟು ಸದ್ದು?"

ಓದು ಮುಗಿಯುವ ವರ್ಷ ಮೇಘನಾ ಫೋನ್ ಮಾಡಿದಳು. ಬ್ರಿಸ್ಬೇನಿಗೇ ಬಂದು, ನನ್ನ ಆಫೀಸಿರುವ ವ್ಯಾಲಿಯ ಸಣ್ಣ ಥಿಯೇಟರೊಂದರಲ್ಲಿ ಅದೇ ನೃತ್ಯವನ್ನು ಮತ್ತೆ ಮಾಡುತ್ತಾಳಂತೆ. ಮಿಸ್‌ಗೆ ಈಗ ಕೈ ನಡುಕದ ಕಾಯಿಲೆ. ಮುಂದಿನ ವರ್ಷ ಪ್ರಯಾಣ ಆಗುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರಿಂದ ಈ ಸಲ ಬಂದೇ ಬರುತ್ತಾರಂತೆ. ಅವಳ ಪ್ರಶ್ನೆ ಒಂದೇ, ಎಂದಿನಂತೆ ಇಂಗ್ಲಿಷಿನಲ್ಲಿ: ಚಪ್ಪಾಳೆ ಬೇಕೋ, ಬೇಡವೋ? ಖಂಡಿತ ಬೇಡ ಎಂದೆ. ಒಮ್ಮೆ ಕೆಟ್ಟಿದೆ, ಅವರ ಕಣ್ಣೆದುರು, ಬಹುಶಃ ಕೊನೆಯ ಸಲ, ಸರಿಯಾಗಿ ಆಗಬೇಕು. ಮಿಸ್‌ನ ಕೇಳಿದೆಯಾ ಅಪ್ಪಾ ಎಂದಳು. ಇಂಥದ್ದನ್ನೆಲ್ಲ ಕೇಳುವುದಲ್ಲ, ಅರ್ಥ ಮಾಡಿಕೊಳ್ಳುವುದು ಎಂದೆ.

ಆ ಸಂಜೆ ಥಿಯೇಟರಿನವರು ಮಿಸ್ ಅವರ ವೀಲ್‌ಚೇರನ್ನು ಎಲ್ಲರಿಗಿಂತ ಮೊದಲು ಒಳಗೆ ತಳ್ಳಿಕೊಂಡು ಹೋಗಿ ಮುಂದಿನ ಸಾಲಿನ ತುದಿಯಲ್ಲಿ ನಿಲ್ಲಿಸಿದರು. ಸೌಂಡ್ ಕೂಡ ಅವರದೇ ಆದ್ದರಿಂದ ನಾನು ಹೊರಬಾಗಿಲಲ್ಲಿ ನಿಂತು ಬಂದಬಂದವರಿಗೆಲ್ಲ ಹೇಳಿದೆ: ನಡುವೆ ಸಂಗೀತ ನಿಲ್ಲುತ್ತದೆ, ಯಾರೂ ಕೈ ತಟ್ಟಬಾರದು, ಮಿಸ್ ಮನಸ್ಸಿಗೆ ನೋವಾಗುತ್ತದೆ. ಪ್ಲಗ್ ಅಲ್ಲಾಡಿಸಿದ್ದ ಅಂಕಲ್‌ಗೆ ಬೇರೆಯಾಗಿ ಇನ್ನೊಮ್ಮೆ ಹೇಳಿದೆ. ಆಮೇಲೆ ಹೋಗಿ ಮಿಸ್ ಪಕ್ಕದಲ್ಲಿ ಕೂತೆ. ನನ್ನನ್ನೇ ನಂಬದೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡೆ.

ಸಂಗೀತ ನಿಂತಿತು. ಯಾರೂ ಕೆಮ್ಮಲಿಲ್ಲ. ಮೇಘನಾಳ ಪಾದದ ಸದ್ದು, ಹೊರಗೆಲ್ಲೋ ರೈಲು ಹೋದ ಸದ್ದು, ಅಷ್ಟೇ. ನನ್ನ ಮಗಳು ಅಷ್ಟು ಒಂಟಿಯಾಗಿ ಎಂದೂ ಕಂಡಿರಲಿಲ್ಲ. ಕೊನೆಗೂ ಆಯಿತಲ್ಲ ಎಂದು ನನ್ನ ಎದೆ ಉಬ್ಬಿತು. ಆಗ ಪಕ್ಕದಲ್ಲಿ ಏನೋ ಮೆತ್ತಗೆ ಸದ್ದಾಯಿತು. ಮಿಸ್ ಕೈ ತಟ್ಟುತ್ತಿದ್ದರು. ನಡುಗುವ ಕೈಗಳು ಒಂದಕ್ಕೊಂದು ಸರಿಯಾಗಿ ಸಿಗುತ್ತಿರಲಿಲ್ಲ. ಮತ್ತೆ ತಟ್ಟಿದರು, ಕುತ್ತಿಗೆ ತಿರುಗಿಸಿ ಹಿಂದಿನ ಸಾಲುಗಳನ್ನು ನೋಡಿದರು, ಇನ್ನೊಮ್ಮೆ ತಟ್ಟಿದರು. ಹಿಂದಿನ ಸಾಲುಗಳು ನನ್ನನ್ನು ನೋಡಿದವು. ಅಷ್ಟು ಜನ ವಿಧೇಯರು ನಮ್ಮೂರಿನ ಯಾವ ಸಭೆಯಲ್ಲೂ ಸಿಕ್ಕಿರಲಿಲ್ಲ. ನಾನು ಕೈ ಎಳೆದುಕೊಂಡೆ. ಎರಡೂ ಜೋಮು ಹಿಡಿದಿದ್ದವು. ಅವು ನನ್ನ ಮಾತು ಕೇಳುವಷ್ಟರಲ್ಲಿ ಮೃದಂಗ ಮತ್ತೆ ಶುರುವಾಗಿತ್ತು.

ಮುಗಿದ ಮೇಲೆ ಎಲ್ಲರೂ ಮೇಘನಾಳ ಸುತ್ತ ಸೇರಿದರು. ಮಿಸ್ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದರು.

"ಅವತ್ತು ಎಲ್ರೂ ಹಿಮ್ಮೇಳ ಕೊಟ್ಟಿದ್ರಲ್ಲ ಮೂರ್ತಿ. ಇವತ್ತು ಏನಾಯ್ತು?"

ಸುಧಾ ಛಾವಣಿಯ ದೀಪಗಳನ್ನು ಪರೀಕ್ಷಿಸತೊಡಗಿದಳು.

"ಸೌಂಡ್ ಪ್ರಾಬ್ಲಮ್, ಮಿಸ್" ಎಂದೆ.

"ಹೋಗ್ಲಿ ಬಿಡಿ" ಎಂದರು. ಈ ಸಲ ತಲೆ ಬಗ್ಗಿಸಿ ಸುತ್ತಲು ನನ್ನ ಕೈಯಲ್ಲಿ ಒಂದು ವೈರೂ ಇರಲಿಲ್ಲ.