ಹಡಗಲಿಯಲ್ಲೇ ನಿಂತ ನನ್ನ ರಾಕ್ ಪ್ರವಾಸ

ದಾವಣಗೆರೆಯ ಕಾಲೇಜಿನಲ್ಲಿದ್ದಾಗ ನಾವು ನಾಲ್ವರು ಸೇರಿ ರಾಕ್ ಸಂಗೀತದ ತಂಡ ಕಟ್ಟಿದ್ದೆವು. ನಾನು ಗಿಟಾರ್ ನುಡಿಸುತ್ತ ಹಾಡುತ್ತಿದ್ದೆ. ಕೊಟ್ಟೂರಿನ ರುದ್ರೇಶ ಡ್ರಮ್ಸ್ ಬಾರಿಸುತ್ತಿದ್ದ. ಆಮೇಲೆ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಗುಮಾಸ್ತನಾದೆ, ಅವನು ಹಿಟ್ಟಿನ ಗಿರಣಿ ಹಾಕಿದ. ಹದಿನೆಂಟು ವರ್ಷ ಕಲಾಲೋಕ ನಾವಿಲ್ಲದೆ ಹೇಗೋ ದಿನ ದೂಡಿತು. ಇನ್ನೂ ಅದನ್ನು ಕಾಯಿಸುವುದು ಧರ್ಮವಲ್ಲವೆಂದು ನಾನು ಪ್ರವಾಸ ಘೋಷಿಸಿದೆ: ಮೊದಲು ಹಡಗಲಿ, ನಂತರ ಹರಪನಹಳ್ಳಿ, ಕೊನೆಗೆ ಕೊಟ್ಟೂರು. ಹಳೆಯ ಗೆಳೆಯರಲ್ಲಿ ರುದ್ರೇಶ ಮಾತ್ರ ಒಪ್ಪಿದ.

ನನ್ನ ಹೆಂಡತಿ ಗಿರಿಜಾ, "ಅಲ್ರಿ, ಮಾಳಿಗಿ ಹತ್ತಿದ್ರ ಏದುಸಿರು ಬಿಡ್ತೀರಿ. ಎರಡು ತಾಸು ಕೂಗಾಕ ಆಗತೈತೇನು?" ಎಂದಳು.

"ಅದು ಕೂಗೂದಲ್ಲ, ಹಾಡೂದು," ಎಂದೆ. ಅಂದು ಸಿಟ್ಟಿಗೆ ಮಧ್ಯಾಹ್ನದ ಊಟವನ್ನೇ ಬಿಟ್ಟೆ. ಸಂಜೆ ಎರಡು ಊಟ ಮಾಡಿದೆ.

ಬೋರ್ಡಿನ ಒಕ್ಕಣೆಯನ್ನು ನಾನೇ ಚೀಟಿಯಲ್ಲಿ ಗೀಚಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹಡಗಲಿಯ ಪೇಂಟರ್‌ಗೆ ಕಳಿಸಿದೆ.

ಕಾರ್ಯಕ್ರಮದ ಸಂಜೆ ಗಿರಿಜಾಳೂ ಸೇರಿ ನಾವು ಮೂವರು ಹೋಗುವಾಗಲೇ ಸಭಾಂಗಣ ತುಂಬಿತ್ತು. ಹತ್ತಿರದ ಹಳ್ಳಿ ಮಾಗಳದಿಂದಲೂ ಜನ ಬಂದಿದ್ದರು. ಎಲ್ಲರ ತಲೆಯೂ ಬೆಳ್ಳಗೆ.

"ಲೇ, ಇವ್ರೆಲ್ಲಾ ನಮ್ಮ ಅಭಿಮಾನಿಗಳೇನಲೇ?" ಎಂದು ರುದ್ರೇಶ ಕೇಳಿದ.

"ಹದಿನೆಂಟು ವರ್ಷದಾಗ ಅಭಿಮಾನಿಗಳಿಗೂ ವಯಸ್ಸಾಗತೈತಿ," ಎಂದೆ. ಹಿಂದೆ ಹಡಗಲಿಯಲ್ಲಿ ನಾವು ಒಮ್ಮೆಯೂ ಹಾಡಿರಲಿಲ್ಲ ಎಂಬುದು ನೆನಪಿಗೇ ಬರಲಿಲ್ಲ.

ಗಿಟಾರ್ ಮೊದಲ ಸಲ ಅಬ್ಬರಿಸಿದ್ದೇ ತಡ, ಮುಂದಿನ ಸಾಲಿನ ಮೂವರು ಕಿವಿಗೆ ಬೆರಳಿಟ್ಟರು. ತೊಡೆಯ ಮೇಲೆ ತಾಳ ಹಾಕಲು ಸಿದ್ಧರಾಗಿದ್ದ ಒಬ್ಬ ಅಜ್ಜಿ ಕೈ ಎತ್ತಿದರು. ನಿವೃತ್ತ ಸಂಗೀತ ಶಿಕ್ಷಕಿ. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿತ್ತು.

"ನಿಂದ್ರು ತಮ್ಮಾ. ಯಾವ ರಾಗ ಇದು?"

"ರಾಗ ಅಲ್ರಿ, ರಾಕ್."

"ಹೌದಪಾ, ಅದನ್ನ ಕೇಳಾಕತ್ತೀನಿ. ಯಾವ ರಾಗ?"

ರುದ್ರೇಶ ಡ್ರಮ್ಸ್ ಕೋಲಿನಿಂದ ನನ್ನ ಬೆನ್ನಿಗೆ ತಿವಿದು ಮೇಲೆ ತೋರಿಸಿದ. ಬೋರ್ಡಿನಲ್ಲಿ ದೊಡ್ಡದಾಗಿ 'ರಾಗ ಸಂಗೀತ ಸಂಜೆ' ಎಂದಿತ್ತು.

ನನ್ನ ಮೈಯೆಲ್ಲ ಉರಿಯಿತು. ಮೈಕ್ ಹಿಡಿದು, ಒಂದಕ್ಷರ ನೆಟ್ಟಗೆ ಬರೆಯಲಾಗದವರು ಕುಂಚ ಹಿಡಿಯುವುದರಿಂದ ದೇಶಕ್ಕಾಗುವ ಹಾನಿಯ ಕುರಿತು ಹತ್ತು ನಿಮಿಷ ಭಾಷಣ ಮಾಡಿದೆ. ಅಪರಾಧಿ ಕೂಡಲೇ ವೇದಿಕೆಗೆ ಬರಬೇಕೆಂದೂ ಆಜ್ಞಾಪಿಸಿದೆ.

ಪೇಂಟರ್ ಹಿಂದಿನ ಸಾಲಿನಿಂದ ನಿಧಾನ ಎದ್ದು ಬಂದ. ನನ್ನ ಕಡೆ ನೋಡಲೂ ಇಲ್ಲ. ಜೇಬಿನಿಂದ ಚೀಟಿ ತೆಗೆದು ಅಕ್ಕೋರ ಕೈಗಿತ್ತ. ಅವರು ಕನ್ನಡಕ ಏರಿಸಿ ಓದಿದರು.

"ರಾಗ ಅಂತನ ಐತಿ."

ಗಿರಿಜಾಳೂ ನೋಡಿದಳು. "ನಮ್ಮನೀ ಸಂತಿ ಚೀಟೀನೂ ಹಿಂಗ ಬರೀತಾರ್ರಿ ಇವ್ರು. ಹೋದ ವಾರ ಕಡಲಿ ಬದಲು ಏನೇನೋ ಬಂದೈತಿ."

"ಅದ ಚೀಟಿ ನೋಡಿ ಹರಪನಹಳ್ಳಿ, ಕೊಟ್ಟೂರ ಬೋರ್ಡನೂ ಬರದು ಕಳಿಸೀನ್ರಿ," ಎಂದು ಪೇಂಟರ್ ವಿನಯದಿಂದ ತಿಳಿಸಿದ.

ರುದ್ರೇಶ ಅಲ್ಲೇ ಡ್ರಮ್ಸ್ ಬಿಚ್ಚತೊಡಗಿದ. "ಕೊಟ್ಟೂರಾಗ ನನ್ನ ಗಿರಣಿ ಐತಿ. ನಾಳಿ ಜನ ಕಾಳು ತರಬೇಕಲೇ," ಎಂದ.

ನಾನು ಸೋಲೊಪ್ಪಲಿಲ್ಲ. ಒಬ್ಬನೇ ಹಾಡಿದೆ. ಎರಡನೆಯ ಸಾಲಿಗೆ ಗಿಟಾರಿನ ತಂತಿ ಹರಿಯಿತು. ಮೂರನೆಯ ಸಾಲಿಗೆ ಗಂಟಲೂ ಕಟ್ಟಿತು. ಯಾರೋ ನೀರು ತಂದರು. ಚಪ್ಪಾಳೆ ಬಿದ್ದದ್ದು ಆಗಲೇ, ನೀರು ತಂದವರಿಗೆ.

ಎಲ್ಲರೂ ಹೊರಟ ಮೇಲೆ ಅಕ್ಕೋರು ನನ್ನ ಹತ್ತಿರ ಬಂದರು. ಹಾಳಾದ ಸಂಜೆಗೆ ಬೈಯುತ್ತಾರೆಂದು ತಲೆ ತಗ್ಗಿಸಿದೆ.

"ದನಿ ಐತಿ ತಮ್ಮಾ," ಎಂದರು. "ಎಲ್ಲಿ ಐತಿ ಅಂತ ನಿನಗ ಗೊತ್ತಿಲ್ಲ ಅಷ್ಟ. ಐತವಾರ ಮನಿಗೆ ಬಾ."

ನಲವತ್ತು ದಾಟಿದ ಕಲಾವಿದನಿಗೆ ಇಂಥ ಮಾತೇ? ಅವಮಾನದಿಂದ ಕುದಿಯುತ್ತಲೇ ಬಸ್ಸು ಹತ್ತಿದೆ.

ಐತವಾರ ಹೋದೆ. ನಾಲ್ಕು ತಿಂಗಳಿಂದ ಹೋಗುತ್ತಲೇ ಇದ್ದೇನೆ. ಇನ್ನೂ 'ಸ' ದಾಟಿಲ್ಲ.