ಮುಚ್ಚಿದ ಕೋಣೆಯ ಬಂಗುಡೆ

ಅಕ್ಕುವಿಗೆ ಧಾರಾವಾಹಿ ನೋಡುವ ಚಟ ಬಿಟ್ಟುಹೋದದ್ದು ಮೊಮ್ಮಗಳ ದೆಸೆಯಿಂದ. ದೀಕ್ಷಿತಾ ಮಂಗಳೂರಿನ ಕೊಡಿಯಾಲ್‌ಬೈಲಿನ ಕಾಲೇಜಿಗೆ ಫೊರೆನ್ಸಿಕ್ ಸೈನ್ಸ್ ಓದಲು ಸೇರಿದ ಮೇಲೆ, ಸಂಜೆಯ ಚಹಾದ ಜೊತೆಗೆ ಅಂದಿನ ಪಾಠವೂ ಅಜ್ಜಿಗೆ ಸಿಗತೊಡಗಿತು. ಚಪ್ಪಲಿಯ ಗುರುತು ನೋಡಿ ಕಳ್ಳ ಕುಂಟನೆಂದು ತಿಳಿಯುವುದು ಹೇಗೆ, ಬೆರಳು ತಾಗಿದಲ್ಲೆಲ್ಲ ಅದರ ಗೆರೆ ಯಾಕೆ ಉಳಿಯುತ್ತದೆ, ಇವೆಲ್ಲದರ ಮುಂದೆ ಅತ್ತೆ ಸೊಸೆಯರ ಧಾರಾವಾಹಿ ಯಾವ ಲೆಕ್ಕ? (ಅದರಲ್ಲಿ ಸಾರಿಗೆ ವಿಷ ಹಾಕಿದವಳು ಸೌಟು ತೊಳೆಯುವುದೇ ಇಲ್ಲ. ಅಂಥ ದಡ್ಡತನ ಕಂಡರೆ ಅಕ್ಕುವಿಗೆ ಈಗೀಗ ಮೈ ಉರಿಯುತ್ತದೆ.)

ಕೋರ್ಸು ಐದು ವರ್ಷದ್ದು. ಡಿಗ್ರಿಯೂ ಅದರ ಮೇಲಿನ ಎಂ.ಎಸ್ಸಿ.ಯೂ ಒಂದೇ ಓಟದಲ್ಲಿ. ಆದರೆ ಮೂರು ವರ್ಷಕ್ಕೆ ಸಾಕು ಎಂದವರಿಗೆ ಡಿಗ್ರಿಯೊಂದನ್ನೇ ಕೈಗಿತ್ತು ಕಳಿಸಿಕೊಡುವ ಏರ್ಪಾಡೂ ಇತ್ತು. ಮೂರು ಮುಗಿದದ್ದೇ ತಡ, ಅಕ್ಕುವಿನ ಮಗ ಮುಖೇಶ್ ಅದನ್ನೇ ಹಿಡಿದುಕೊಂಡ.

"ಸಾಕು ಮಾರಾಯ್ತಿ ಓದಿದ್ದು. ಹೆಣ ಕೊಯ್ಯುವ ಹುಡುಗಿ ಅಂತ ಗೊತ್ತಾದ್ರೆ ಗಂಡಿನ ಕಡೆಯವರು ಕುದ್ರೋಳಿಯ ಈ ಮನೆಗೆ ಕಾಲಿಡ್ತಾರಾ?"

"ಹೆಣ ಕೊಯ್ಯುವುದು ಡಾಕ್ಟರು ಪಪ್ಪ. ನಾವು ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದು."

"ಅವರು ಕೊಯ್ದದ್ದನ್ನು ನೀವು ನೋಡುವುದು. ಎರಡೂ ಒಂದೇ."

"ಓದುವವಳು ಅವಳು. ನಿಮಗೆ ಎಂತ ಭಾರ?" ಎಂದು ಒಳಗಿನಿಂದ ಹೆಂಡತಿ ಜಯಳ ಬಾಣ ಬಂತು.

ಅಕ್ಕುವಿಗೆ ಚಿಂತೆ ಹತ್ತಿತು. ಮೂಳೆಯ ಪಾಠ ಇರುವುದೇ ನಾಲ್ಕನೆಯ ವರ್ಷದಲ್ಲಿ! ಒಂದು ತುಂಡು ಎಲುಬು ಸಿಕ್ಕಿದರೆ ಸಾಕು, ಗಂಡೋ ಹೆಣ್ಣೋ, ವಯಸ್ಸೆಷ್ಟು ಎಂದು ಹೇಳಬಹುದಂತೆ. ಅದನ್ನು ಕೇಳದೆ ಕಣ್ಣು ಮುಚ್ಚುವುದು ಹೇಗೆ?

ಅಷ್ಟರಲ್ಲಿ ಮಳೆಗಾಲದ ಆಟಿ, ಅಂದರೆ ಆಷಾಢದ ತಿಂಗಳು ಬಂತು. ಆಟಿಯಲ್ಲಿ ತೀರಿಹೋದವರಿಗೆ ಅಗೆಲ್ ಎಂಬ ಎಡೆ ಬಡಿಸುವ ಕ್ರಮ. ಬಾಳೆಲೆಯಲ್ಲಿ ಅನ್ನ, ಕೋಳಿ ಸಾರು, ಮೀನು ಎಲ್ಲ ಬಡಿಸಿ, ಕೋಣೆಯ ಬಾಗಿಲು ಎಳೆದುಕೊಂಡು ಮನೆಯವರು ಹೊರಗೆ ಸುಮ್ಮನೆ ಕೂರಬೇಕು. ಹೋದವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ. ಅಕ್ಕುವಿನ ತೀರಿಹೋದ ಗಂಡ ಐತಪ್ಪಣ್ಣ ಇದುವರೆಗೆ ಉಪ್ಪಿನ ಹರಳನ್ನೂ ಅಲುಗಿಸಿದವರಲ್ಲ. ಆ ಧೈರ್ಯದಿಂದಲೇ ಮುಖೇಶ್ ಎಲೆಯ ಮುಂದೆ ಗಟ್ಟಿಯಾಗಿ ಕೈಮುಗಿದ:

"ಅಪ್ಪ, ಹುಡುಗಿ ಮುಂದೆ ಓದಬೇಕು ಅಂತ ನಿಮಗಿದ್ರೆ ಬಡಿಸಿದ್ದನ್ನು ತಿಂದು ತೋರಿಸಿ. ಇಲ್ಲದಿದ್ರೆ ನಾಳೆಯೇ ಅವಳ ಹೆಸರು ತೆಗೆಸ್ತೇನೆ."

"ಆಹಾ, ನಿಮ್ಮ ಹಟವನ್ನು ಸತ್ತವರ ತಲೆಗೆ ಕಟ್ಟಿ ಆಯ್ತಾ!" ಎಂದಳು ಜಯ. ದೀಕ್ಷಿತಾ ಮುಖ ಊದಿಸಿಕೊಂಡು ಮೂಲೆ ಸೇರಿದಳು.

ಬಾಗಿಲು ಮುಚ್ಚಿತು. ಅಕ್ಕು "ಒಲೆಯಲ್ಲಿ ಹಾಲುಂಟು" ಎಂದು ಎದ್ದಳು. ಆ ಕೋಣೆಗೆ ಅಡಿಗೆಮನೆಯಿಂದಲೂ ಒಂದು ಬಾಗಿಲು ಉಂಟೆಂಬುದು ತಮ್ಮ ತಮ್ಮ ಚಿಂತೆಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಒಳಗೆ ಹೋದವಳು ಎಲೆಗೆ ಕೈಮುಗಿದು, "ಇವತ್ತೊಂದು ದಿನ ನಿಮ್ಮ ಪಾಲಿನದ್ದು ನಾನು ತಿನ್ತೇನೆ. ಕೋಪ ಬೇಡ. ನಿಮ್ಮ ಪುಳ್ಳಿ ದೀಕ್ಷಿತಾಳಿಗಾಗಿ" ಎಂದು ಪಿಸುಗುಟ್ಟಿ ಹುರಿದ ಬಂಗುಡೆ ಮೀನಿಗೆ ಕೈಹಾಕಿದಳು. ಐತಪ್ಪಣ್ಣ ಬಂಗುಡೆ ತಿಂದರೆ ತಲೆಯಿಂದ ಬಾಲದವರೆಗೆ ಮುಳ್ಳು ಬಾಚಣಿಗೆಯ ಹಾಗೆ ಉಳಿಯಬೇಕು. ಅಕ್ಕು ಅದೇ ತಾಳ್ಮೆಯಿಂದ, ಒಂದು ಮುಳ್ಳೂ ಮುರಿಯದಂತೆ ತಿಂದು, ಮುಳ್ಳನ್ನು ಎಲೆಯ ತುದಿಯಲ್ಲಿ ಮಲಗಿಸಿದಳು. ಅಡಿಗೆಮನೆಗೆ ಮರಳಿ ಚಿಲಕ ಹಾಕಿದಾಗ ಮೊಮ್ಮಗಳ ಪಾಠ ನೆನಪಾಗಿ, ಸೆರಗಿನಿಂದ ಚಿಲಕವನ್ನು ಗಸಗಸ ತಿಕ್ಕಿದಳು. ಬೆರಳಿನ ಗುರುತು ಬಿಡಲು ಅವಳೇನು ಧಾರಾವಾಹಿಯವಳೇ?

ಬಾಗಿಲು ತೆರೆದ ಮುಖೇಶ್ ಮುಳ್ಳನ್ನು ಕಂಡವನೇ ನೆಲಕ್ಕೆ ಅಡ್ಡಬಿದ್ದ.

"ಓದಲಿ ಅಪ್ಪ! ಎಷ್ಟು ಬೇಕಾದ್ರೂ ಓದಲಿ!" ಎಂದು ಎರಡೆರಡು ಸಲ ಹಣೆ ನೆಲಕ್ಕೆ ತಾಗಿಸಿದ. ಹೆದರಿಕೆಗೆ ಕಾರಣವಿತ್ತು. ಮಿಕ್ಸಿ ರಿಪೇರಿ ಅಂಗಡಿಯ ಬೋರ್ಡಿನಿಂದ ಅಪ್ಪನ ಹೆಸರು ಅಳಿಸಿ ತನ್ನ ಹೆಸರು ಬರೆಸಿ ಅವನಿಗೆ ಇನ್ನೂ ವರ್ಷವಾಗಿರಲಿಲ್ಲ. ಬದುಕಿದ್ದಾಗ ಐತಪ್ಪಣ್ಣ ಸಿಟ್ಟು ಬಂದರೆ ಕೈ ಬೀಸಿಯೇ ಬಿಡುತ್ತಿದ್ದರು.

ಅಕ್ಕುವಿನ ಕೆಲಸ ಕೈಗೂಡಿತು. ಆಗಲೇ ದೀಕ್ಷಿತಾ ಕೂಗಿದಳು:

"ಯಾರೂ ಏನೂ ಮುಟ್ಟಬೇಡಿ! ಎಲ್ಲರೂ ಹೊರಗೆ!"

"ಹೋದವರ ಎಲೆಯನ್ನು ಹಾಗೆಲ್ಲ ಪರೀಕ್ಷೆ ಮಾಡಬಾರದು ಮಗಾ" ಎಂದು ಅಕ್ಕು ಕಣ್ಣು ಮಿಟುಕಿಸಿದಳು. ಎರಡೂ ಕಣ್ಣು ಒಟ್ಟಿಗೆ ಮಿಟುಕಿದ್ದರಿಂದ ಪ್ರಯೋಜನವಾಗಲಿಲ್ಲ.

"ಓದಲಿಕ್ಕೆ ಒಪ್ಪಿಗೆ ಸಿಕ್ಕಿತಲ್ಲ, ಇನ್ನೆಂತದು ನಿನ್ನ ಪತ್ತೇದಾರಿ?" ಎಂದು ಜಯ ರಟ್ಟೆ ಎಳೆದಳು. ಹುಡುಗಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಮೊಬೈಲಿನ ಟಾರ್ಚು ಹಿಡಿದು ಎಲೆ, ನೆಲ, ಕಿಟಕಿ ಎಲ್ಲ ಜಾಲಾಡಿ, ಅಡಿಗೆಮನೆಗೆ ಸುತ್ತಿ ಬಂದು ಆ ಕಡೆಯ ಬಾಗಿಲ ಬಳಿ ಬೇಟೆನಾಯಿಯಂತೆ ನಿಂತಳು.

"ಪಪ್ಪ, ಈ ಚಿಲಕ ನೋಡಿ. ಮನೆಯ ಚಿಲಕಗಳೆಲ್ಲ ಹೊಗೆ ಹಿಡಿದು ಕಪ್ಪಾಗಿವೆ. ಇದೊಂದು ಕನ್ನಡಿಯ ಹಾಗೆ ಹೊಳೀತದೆ. ಅಜ್ಜ ಚಿಲಕ ಒರೆಸಿ ಹೋಗ್ತಾರಾ? ಇದು ಬೆರಳಿನ ಗುರುತು ಉಳೀತದೆ ಅಂತ ಗೊತ್ತಿದ್ದವರ ಕೆಲಸ. ಈ ಮನೆಯಲ್ಲಿ ಅದು ಗೊತ್ತಿರುವುದು ಇಬ್ಬರಿಗೇ. ಒಂದು ನಾನು, ಇನ್ನೊಂದು..."

ತಾನು ಕೂತ ಕೊಂಬೆಯನ್ನು ತಾನೇ ಕಡಿದದ್ದು ಆಗ ಅವಳಿಗೆ ತಿಳಿಯಿತು. ಎಲ್ಲರೂ ಅಕ್ಕುವಿನ ಕಡೆ ತಿರುಗಿದರು. ಸೆರಗಿನ ಮೇಲೆ ಬಂಗುಡೆಯ ಮಸಾಲೆ ಕೆಂಪಗೆ ಸಾಕ್ಷಿ ಹೇಳುತ್ತಿತ್ತು.

"ಅಮ್ಮ, ನೀವಾ?"

"ಹೌದು ಮಾರಾಯ. ಉಪ್ಪು ಒಂಚೂರು ಕಡಿಮೆ ಇತ್ತು."

ಇನ್ನು ಹೆಸರು ತೆಗೆಸುವುದೇ ಸರಿ ಎಂದು ಅಕ್ಕು ತಲೆ ತಗ್ಗಿಸಿದಳು. ಆದರೆ ಮುಖೇಶ್ ಗೋಡೆಗೊರಗಿ ಕುಳಿತು ಹೊಟ್ಟೆ ಹಿಡಿದು ನಗತೊಡಗಿದ. ಮುಖಕ್ಕೆ ರಕ್ತ ಮರಳಿತ್ತು.

"ಅಂದ್ರೆ ಅಪ್ಪ ಬರಲಿಲ್ಲ? ಬೋರ್ಡು ನೋಡಲಿಲ್ಲ? ಅಬ್ಬ, ನನ್ನ ಜೀವ ಉಳಿಸಿದೆ ಮಗಾ! ಓದು. ಐದೂ ವರ್ಷ ಓದು. ನಾಳೆಯೇ ಫೀಸು ಕಟ್ಟುವ."

ದೀಕ್ಷಿತಾ ಅಜ್ಜಿಯನ್ನು ಅಪ್ಪಿಕೊಂಡಳು.

"ಆದ್ರೆ ಒಂದು ಷರತ್ತು" ಎಂದ ಮುಖೇಶ್, ಕಣ್ಣೊರೆಸಿಕೊಳ್ಳುತ್ತ. "ಇನ್ನು ಮುಂದೆ ಕಾಲೇಜಿನಲ್ಲಿ ಕಲಿಸಿದ್ದು ಒಂದಕ್ಷರ ಅಮ್ಮನ ಕಿವಿಗೆ ಬೀಳಬಾರದು. ಮೂರು ವರ್ಷದ ಪಾಠಕ್ಕೇ ಇಷ್ಟು. ಐದೂ ಮುಗಿಸಿದ್ರೆ ನಮ್ಮನ್ನೆಲ್ಲ ಮುಗಿಸಿ, ಆರಾಮವಾಗಿ ಚಹಾ ಕುಡೀತಾರೆ ಇವರು!"

ಜಯ ಜೋರಾಗಿ ತಲೆಯಾಡಿಸಿದಳು. ಗಂಡನ ಮಾತಿಗೆ ಅವಳು ಒಪ್ಪಿದ್ದು ಆ ಮನೆಯಲ್ಲಿ ಹೊಸ ಸಂಗತಿ.

ಮರುವಾರದಿಂದ ನಾಲ್ಕನೆಯ ವರ್ಷ ಶುರುವಾಯಿತು. ಸಂಜೆ ಬಂದ ಮೊಮ್ಮಗಳ ಮುಖ ಅರಳಿತ್ತು. ಅಕ್ಕು ಚಹಾ ಕೊಟ್ಟು, ಮೆಲ್ಲನೆ ಕೇಳಿದಳು:

"ಇವತ್ತು ಎಂತ ಕಲಿಸಿದ್ರು ಮಗಾ?"

ಚಾವಡಿಯಲ್ಲಿ ಮುಖೇಶ್ ಕೆಮ್ಮಿದ.

"ಎಂತ ಇಲ್ಲ ಅಜ್ಜಿ" ಎಂದಳು ದೀಕ್ಷಿತಾ, ಪಾಪದ ಮುಖ ಮಾಡಿ.

'ಹೋಗಲಿ, ಹುಡುಗಿ ಓದ್ತಾಳಲ್ಲ, ಅಷ್ಟು ಸಾಕು' ಎಂದು ಸಮಾಧಾನ ಮಾಡಿಕೊಂಡು ಅಕ್ಕು ಟಿ.ವಿ. ಹಾಕಿದಳು. ಮೇಜಿನ ಮೇಲೆ ಮೊಮ್ಮಗಳ ಮೂಳೆ ಪಾಠದ ಹೊಸ ಪುಸ್ತಕವಿತ್ತು. ಅದರ ರಟ್ಟಿನ ಮೇಲಿನ ತಲೆಬುರುಡೆ ಹಲ್ಲು ಕಿರಿದು, ಅಕ್ಕುವನ್ನೇ ನೋಡಿ ನಗುತ್ತಿತ್ತು.